ಗುಂಡಿಯ ಹದಿನೇಳು ಮಾತು

ಸೋಮವಾರ, ಬೆಳಿಗ್ಗೆ ಹತ್ತೂವರೆ

ನನ್ನ ಪ್ರೀತಿಯ ಗಡಿಯಾರಕ್ಕೆ,

ನಿನ್ನನ್ನು ಹೀಗೆ ಕರೆದು ಎಷ್ಟು ದಿನವಾಯಿತು! ಅಪ್ಪನ ಎದುರಿಗೆ ನೀನು 'ಅವರು', ಫೋನಿನಲ್ಲಿ ಬರೀ 'ಹಲೋ'. ಗಂಟೆ ಹೊಡೆಯುವ ಮೊದಲೇ ಕ್ಲಾಸಿನ ಬಾಗಿಲಲ್ಲಿ ನಿಂತಿರುತ್ತಿದ್ದ ಹುಡುಗನಿಗೆ ನಾನಿಟ್ಟ ಹೆಸರು ಅದು. ಸೇಡಿಗೆ ನೀನು ನನ್ನನ್ನು 'ರೇಡಿಯೋ' ಮಾಡಿದೆ. ಆ ರೇಡಿಯೋ ಈಗ ಹೇಗಿದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಕಿವಿ ಹಿಂಡಿದರೂ ಕುಂಯ್ ಅನ್ನುವುದಿಲ್ಲ.

ಶನಿವಾರ ನೀನು, ನಾಳೆ ಬಿಟ್ಟು ಮುಂದಿನ ಭಾನುವಾರ ಬರ್ತೀನಿ, ಗುಂಡೀನ ಕರ್ಕೊಂಡೇ ಹೋಗೋದು, ನೀನು ಬರೋದಾದ್ರೆ ಬಾ, ಇಲ್ಲಾಂದ್ರೆ ನಿನ್ನಿಷ್ಟ ಅಂದಾಗ ನಾನು ಫೋನಿಟ್ಟುಬಿಟ್ಟೆ. ಸಿಟ್ಟು ಬಂತು ಅಂದುಕೊಂಡಿರುತ್ತೀಯ. ಸಿಟ್ಟಲ್ಲ, ಹೆದರಿಕೆ. ಇರುವುದು ಎರಡೇ ಕೋಣೆ. ಅಪ್ಪನ ಗಂಟಲು ಹೋಗಿದೆಯೇ ಹೊರತು ಕಿವಿ ಹೋಗಿಲ್ಲ. ಆದ್ದರಿಂದ ಈ ಕಾಗದ. ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತುಕೋ.

ನಿನ್ನ ಮಗಳು ಗುಂಡಿಗೆ ಇನ್ನೂ ಮಾತು ಬಂದಿಲ್ಲ.

ಒಂದೂ ಬಂದಿಲ್ಲ. ನಿನ್ನ ಡೈರಿಯಲ್ಲಿ ತಾರೀಕು ಹಾಕಿ ಬರೆದುಕೊಂಡಿದ್ದೀಯಲ್ಲ ಹದಿನೇಳು ಮಾತು, ಅವೆಲ್ಲ ನಾನು ಕಟ್ಟಿ ಹೇಳಿದವು. 'ಅಪ್ಪ' ಅಂದಳು ಅಂತ ಹೇಳಿದ ದಿನ ನೀನು ಕಾರ್ಖಾನೆಯ ನಿನ್ನ ಪಾಳಿಯವರಿಗೆಲ್ಲ ಚಹಾ ಕೊಡಿಸಿದೆ. ಅಂದೇ ಹೇಳಿಬಿಡಬೇಕಿತ್ತು. ಆದರೆ ಅದು ಅಪ್ಪನ ಎರಡನೇ ಆಪರೇಷನ್ನಿನ ವಾರ. ಏನಾದ್ರೂ ಒಳ್ಳೇ ಸುದ್ದಿ ಇದ್ರೆ ಹೇಳೇ ಅಂತ ನೀನು ಕೇಳಿದೆ. ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಆಮೇಲೆ ಸುಳ್ಳನ್ನೂ ಮಗುವಿನ ಹಾಗೆಯೇ ಜೋಪಾನವಾಗಿ ಬೆಳೆಸಿದೆ. ಯಾವ ತಿಂಗಳಿಗೆ ಎಂಥ ಮಾತು ಬರಬೇಕು ಎಂದು ಪುಸ್ತಕದಲ್ಲಿ ನೋಡಿ ಅದೇ ಲೆಕ್ಕಕ್ಕೆ ನಿನಗೆ ಒಂದೊಂದೇ ಕೊಟ್ಟೆ. ಎರಡು ಪದ ಕೂಡಿಸುವ ಹೊತ್ತಿಗೆ 'ನೀರು ಬೇಡ' ಬಂತು. ಚಪ್ಪಲಿಗೆ 'ಪಚ್ಚಲಿ' ಅಂತಾಳೆ ಅಂದಾಗ ನೀನು ಎಷ್ಟು ನಕ್ಕೆ! ನಿನ್ನ ನಗು ಕೇಳುತ್ತ ಒಂದು ಗಳಿಗೆ ನಾನೂ ಅದನ್ನು ನಂಬಿದೆ. ಫೋನು ಅವಳ ಕೈಗೆ ಕೊಡು ಅಂದಾಗಲೆಲ್ಲ ಮಲಗಿದ್ದಾಳೆ, ನಾಚಿಕೆ, ಬಾಯಲ್ಲಿ ಬಿಸ್ಕತ್ತಿದೆ. ಎರಡು ವರ್ಷ ನಾಲ್ಕು ತಿಂಗಳಿನ ಮಗುವಿನ ಬಾಯಲ್ಲಿ ಇಷ್ಟೊಂದು ಬಿಸ್ಕತ್ತು ಹೇಗಿರುತ್ತದೆ ಎಂದು ನಿನಗೆ ಒಂದು ದಿನವೂ ಅನುಮಾನ ಬರಲಿಲ್ಲವಲ್ಲ.

ಗಡಿಯಾರಾ, ಬೈಯುವುದಿದ್ದರೆ ಇಲ್ಲಿ ಒಮ್ಮೆ ನಿಲ್ಲಿಸಿ ಬೈದು ಮುಂದೆ ಓದು.

ಎರಡು ತಿಂಗಳಿಗೆಂದು ಅಪ್ಪನ ಮನೆಗೆ ಬಂದವಳು ನಾನು. ಇದು ಹದಿನಾಲ್ಕನೆಯದು. ಕಾಲೇಜಿನ ಲ್ಯಾಬಿನಲ್ಲಿ ನನ್ನ ಸ್ಟೂಲಿನ ಮೇಲೆ ಈಗ ಬೇರೆ ಹುಡುಗಿ ಕೂತಿದ್ದಾಳೆ. ಅಪ್ಪನ ಕೆಲಸ ಹೋದ ಬಗೆಯನ್ನೂ ನಾನು ನಿನಗೆ ಪೂರ್ತಿ ಹೇಳಿಲ್ಲ. 'ಕಂಪನಿಯವರು ಬೇಡ ಅಂದರು' ಎಂದಷ್ಟೇ ಹೇಳಿದ್ದೆ.

ಗಂಟಲಿನ ಮೊದಲನೇ ಆಪರೇಷನ್ನಿನ ಮೇಲೆ ದನಿ ಗೊಗ್ಗರಾಗಿದ್ದರೂ ಕೆಲಸಕ್ಕೆ ಹೋಗುತ್ತಿದ್ದರು. ಎರಡನೆಯದರಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಉಸಿರಾಡುವುದು ಕುತ್ತಿಗೆಯ ಕೆಳಗಿನ ತೂತಿನಿಂದ, ಆಸ್ಪತ್ರೆಗೆ ಒಂದು ದಿನ ಬಂದಾಗ ನೀನೇ ನೋಡಿದ್ದೀಯ. ಆದರೂ ಅಪ್ಪ, ಲಿಫ್ಟ್ ರಿಪೇರಿ ಮಾಡೋದು ಕೈಯಿಂದ ತಾನೇ ಅಂತ ಸ್ಲೇಟಿನ ಮೇಲೆ ಬರೆದು ತೋರಿಸಿ ಮತ್ತೆ ಹೊರಟರು. ಮೂರನೇ ದಿನ ಒಂದು ಕಟ್ಟಡದಲ್ಲಿ ಲಿಫ್ಟು ಅರ್ಧದಲ್ಲಿ ನಿಂತು ಒಬ್ಬ ಹೆಂಗಸು ಒಳಗೆ ಸಿಕ್ಕಿಕೊಂಡಳು. ಮೂವತ್ತು ವರ್ಷದಿಂದ ಅಪ್ಪ ಸ್ಪ್ಯಾನರಿನಿಂದ ಬಾಗಿಲಿಗೆ ಬಡಿಯುವ ಕ್ರಮ ಒಂದಿದೆ. ಒಂದು ಸಲ ಬಡಿದರೆ, ನಾನು ಬಂದಿದ್ದೇನೆ. ಎರಡು ಸಲ, ಬಾಗಿಲಿನಿಂದ ದೂರ ನಿಲ್ಲು. ಮೂರು ಸಲ, ಆಯಿತು, ಹೊರಗೆ ಬಾ. ಮೊದಲು ಅದನ್ನು ಬಾಯಲ್ಲಿ ಹೇಳಿ ಆಮೇಲೆ ಬಡಿಯುತ್ತಿದ್ದರು. ಈ ಸಲ ಬರೀ ಬಡಿದರು. ಯಾರೋ ಬಾಗಿಲು ಒಡೆಯುತ್ತಿದ್ದಾರೆಂದು ಆಕೆ ಕಿರುಚಿ, ಬಾಗಿಲ ಸಂದಿಗೆ ಬೆರಳು ತೂರಿಸಿ ಗಾಯ ಮಾಡಿಕೊಂಡಳು. ಸೂಪರ್‌ವೈಸರ್ ಒಳ್ಳೆಯವನೇ. ಮನೆಗೇ ಬಂದು ಅಪ್ಪನ ಕೈ ಹಿಡಿದುಕೊಂಡು, ಒಳಗೆ ಸಿಕ್ಕೊಂಡೋರಿಗೆ ಮೊದಲು ಬೇಕಾಗೋದು ಸ್ಪ್ಯಾನರ್ ಅಲ್ಲ ಯಜಮಾನ್ರೇ, ಒಂದು ದನಿ ಅಂದ. ಅಪ್ಪ ತಲೆಯಾಡಿಸಿದರು. ಯೂನಿಫಾರಂ ಒಗೆದು, ಇಸ್ತ್ರಿ ಮಾಡಿ ವಾಪಸ್ಸು ಕಳಿಸಿದರು. ಸ್ಪ್ಯಾನರ್ ಮಾತ್ರ ಕೊಡಲಿಲ್ಲ.

ಆ ಸ್ಪ್ಯಾನರೇ ಈಗ ಈ ಮನೆಯನ್ನು ನಡೆಸುವುದು. ಮಂಚದ ಕಬ್ಬಿಣಕ್ಕೆ ಒಂದು ಬಡಿದರೆ, ಇದ್ದೇನೆ, ಗಾಬರಿಯಾಗಬೇಡ. ಎರಡು ಬಡಿದರೆ, ಕಫ ತೆಗೆಯುತ್ತಿದ್ದೇನೆ, ಮಗುವನ್ನು ಬಾಗಿಲ ಹತ್ತಿರ ಬಿಡಬೇಡ. ಮೂರು ಬಡಿದರೆ, ಮುಗಿಯಿತು, ಬನ್ನಿ. ಸ್ನಾನಕ್ಕೆ ಹೋದರೂ ನಾನು ಚಿಲಕ ಹಾಕುವುದಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಎಣಿಸುತ್ತೇನೆ. ಎರಡು ಗಂಟೆಗೊಮ್ಮೆ ಊಟದ ಟ್ಯೂಬಿಗೆ ಗಂಜಿ, ಕುತ್ತಿಗೆಗೆ ಒದ್ದೆ ಬಟ್ಟೆ. ಗುಂಡಿ ಒಮ್ಮೆ ಆ ತೂತಿಗೆ ಬಟಾಣಿ ಹಾಕಲು ಹೋಗಿದ್ದಳು, ಗೊತ್ತಾ? ತಾತನಿಗೆ ಊಟ ಮಾಡಿಸುವ ಆಸೆ ಪಾಪ. ಅಂದಿನಿಂದ ಅವರಿಬ್ಬರನ್ನೇ ಬಿಟ್ಟು ಬೀದಿಯ ತುದಿಯ ಅಂಗಡಿಗೂ ಹೋಗಿಲ್ಲ. ಕೂಗಲಾರದ ಇಬ್ಬರನ್ನು ಮನೆಯಲ್ಲಿ ಬಿಟ್ಟು ಸೋಪು ತರಲು ಹೇಗೆ ಹೋಗಲಿ ಹೇಳು. ಅಪ್ಪನಿಗೆ ನಿದ್ದೆ ಅಂದರೆ ಇಪ್ಪತ್ತು ನಿಮಿಷ. ಅದು ಕೆಟ್ಟರೆ ಕೆಮ್ಮು, ಕೆಮ್ಮು ಹೆಚ್ಚಾದರೆ ಬಟ್ಟೆಯ ಮೇಲೆ ರಕ್ತ. ಅದಕ್ಕೇ ನಾವಿಬ್ಬರೂ ಇಲ್ಲಿ ಬೆಕ್ಕಿನ ಹೆಜ್ಜೆಯವರು. ಅವರು ಮಲಗಿದಾಗ ನಾನೂ ಗೋಡೆಗೊರಗಿ ಕಣ್ಣು ಮುಚ್ಚುತ್ತೇನೆ. ಅದಕ್ಕೆ ನಿದ್ದೆ ಅನ್ನುವ ಹಾಗಿಲ್ಲ.

ಈಗಷ್ಟೇ ಒಂದು ಸಲ ಬಡಿದ ಸದ್ದು ಬಂತು. ನೋಡಿ ಬಂದೆ. ಗುಂಡಿ ಚಮಚದಿಂದ ಮೇಜಿನ ಕಾಲಿಗೆ ಬಡಿದದ್ದು.

ಹೌದು, ಅವಳೂ ಬಡಿಯುತ್ತಾಳೆ. ಅದು ಅವಳ ಭಾಷೆ ಅಂದುಕೊಂಡಿದ್ದೆ. ಮಾತು ಕಲಿಸುವ ಮೇಡಮ್ ಹತ್ತಿರ ಕರೆದುಕೊಂಡು ಹೋಗಿದ್ದೆ, ಅದನ್ನೂ ನಿನಗೆ ಹೇಳಿಲ್ಲ. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಮನೇಲಿ ಯಾರ್ಯಾರು ಮಾತಾಡ್ತೀರಮ್ಮ ಅಂತ ಕೇಳಿದರು. ನಾನು ಎಣಿಸಲೆಂದು ಬೆರಳು ಮಡಿಚಲು ಹೋಗಿ ಕೈ ಕೆಳಗಿಳಿಸಿದೆ. ದಿನವಿಡೀ ಮಾತಾಡ್ತಾ ಇರಿ, ಪಾತ್ರೆ ತೊಳೀವಾಗ್ಲೂ ಮಾತಾಡಿ ಅಂದರು. ಕಾಲೇಜಿನ ಚರ್ಚಾಸ್ಪರ್ಧೆಯ ಕಪ್ಪು ಗೆದ್ದವಳು ನಾನು! ಪಾತ್ರೆಯ ಎದುರು ನಿಂತು, ನೋಡು ಪುಟ್ಟೀ ಇದು ಲೋಟ ಅಂತ ಪಿಸುಗುಟ್ಟಿದೆ. ಎರಡನೇ ಲೋಟಕ್ಕೆ ನನ್ನ ಮಾತೇ ಮುಗಿದುಹೋಯಿತು.

ಇನ್ನು ಅಪ್ಪನ ಮೂರನೇ ಆಪರೇಷನ್ನು. ಹದಿನೆಂಟನೇ ತಾರೀಕು ಗೊತ್ತಾಗಿದೆ. ಅನ್ನನಾಳ ಮುಚ್ಚಿಕೊಳ್ಳುತ್ತಿದೆ, ಎದೆಯ ಮಾಂಸ ತೆಗೆದು ಗಂಟಲಿಗೆ ಹೊಲಿಯುತ್ತಾರಂತೆ. ಆಮೇಲೆ ಆರು ವಾರ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಅಮ್ಮ ಇಲ್ಲ, ಅಣ್ಣತಮ್ಮಂದಿರಿಲ್ಲ, ಇರುವವಳು ನಾನೊಬ್ಬಳೇ. ಶನಿವಾರ ನಮ್ಮ ಫೋನಿನ ಮಾತನ್ನೆಲ್ಲ ಅಪ್ಪ ಕೇಳಿಸಿಕೊಂಡಿದ್ದರು. ಆಪರೇಷನ್ ಬೇಡ, ನೀನು ಹೊರಡು ಅಂತ ಸ್ಲೇಟಿನಲ್ಲಿ ಬರೆದರು. ನಾನು ಒರೆಸಿದೆ. ಮತ್ತೆ ಬರೆದರು. ಮತ್ತೆ ಒರೆಸಿದೆ. ಬಳಪ ಮುರಿಯುವ ತನಕ ನಡೆಯಿತು ನಮ್ಮ ಜಗಳ, ಅಕ್ಕಪಕ್ಕದವರಿಗೆ ಒಂದು ಚೂರೂ ಕೇಳಿಸದ ಹಾಗೆ.

ನಿನ್ನೆ ಬೆಳಿಗ್ಗೆ ನಾನೇ ಸೋತು, ಗುಂಡೀನ ಅವರ ಜೊತೆ ಕಳಿಸ್ತೀನಿ ಅಪ್ಪಾ, ಇಲ್ಲೇ ಇದ್ರೆ ಅವಳಿಗೆ ಮಾತೇ ಬರಲ್ಲ ಅಂದೆ. ಅಪ್ಪ ಸ್ಲೇಟು ಎಳೆದುಕೊಂಡರು. ಅವಳಿಗೆ ಮಾತು ಬರಲ್ಲ ಅಂತ ಯಾರು ಹೇಳಿದ್ದು ಎಂದು ಬರೆದರು. ಸ್ಪ್ಯಾನರಿನಿಂದ ಮೂರು ಬಡಿದರು. ಗುಂಡಿ ಓಡಿಬಂದು ಮಂಚ ಹತ್ತಿ ತಾತನ ಮುಖದ ಎದುರಿಗೆ ಮುಖ ಇಟ್ಟು ತುಟಿ ಆಡಿಸಿದಳು. ಸದ್ದಿಲ್ಲ. ಅವರೂ ತುಟಿ ಆಡಿಸಿದರು. ಗಂಟಲು ಹೋದ ಮೇಲೆ ಅಪ್ಪ ಮಾತಾಡುವುದೇ ಹಾಗಲ್ಲವೇ, ಬರೀ ತುಟಿಯಲ್ಲಿ. ನನಗೆ ಆ ತುಟಿ ಓದಲು ವ್ಯವಧಾನವಿಲ್ಲದೆ ನಾನೇ ಸ್ಲೇಟು ತಂದುಕೊಟ್ಟಿದ್ದೆ.

ನೀವು ನನ್ನ ಸಮಾಧಾನಕ್ಕೆ ಏನೋ ಆಟ ಕಟ್ತಿದೀರಿ ಅಂದೆ. ಸುಳ್ಳು ಕಟ್ಟುವವಳಿಗೆ ಎಲ್ಲರ ಮೇಲೂ ಅದೇ ಅನುಮಾನ ನೋಡು. ಅವರು, ಅಡಿಗೆಮನೆಗೆ ಕರ್ಕೊಂಡು ಹೋಗಿ ನನಗೆ ಕಾಣದ್ದೇನಾದ್ರೂ ಅವಳಿಗೆ ತೋರ್ಸು, ಹೆಸರು ಹೇಳಿ ಕಳ್ಸು ಎಂದು ಬರೆದರು. ಬೀಗದ ಕೈ ತೋರಿಸಿ ಹೆಸರು ಹೇಳಿದೆ. ಅವಳು ಓಡಿದಳು. ಹಿಂದೆಯೇ ನಾನು ಹೋಗುವಷ್ಟರಲ್ಲಿ ಸ್ಲೇಟಿನ ಮೇಲೆ 'ಬೀಗದ ಕೈ'. ಎರಡನೇ ಸಲ ಈರುಳ್ಳಿ. ಅಪ್ಪ ಬರೆದರು: 'ಈರುಳ್ಳಿ. ಅಮ್ಮ ಅಳ್ತಿದಾಳೆ ಅಂತಾಳೆ. ಹೆಚ್ಚಿದ್ಯಾ?'

ಹೆಚ್ಚಿರಲಿಲ್ಲ.

ನಿನ್ನ ಮಗಳು ಮಾತಾಡುತ್ತಾಳೆ, ಗಡಿಯಾರಾ. ಎಷ್ಟು ತಿಂಗಳಿನಿಂದಲೋ, ಹದಿನೇಳಲ್ಲ, ನೂರಾರು. ದನಿ ಹಾಕುವುದೊಂದು ಗೊತ್ತಿಲ್ಲ. ನಾನು ಅವಳ ಬಾಯಿಗೆ ಕಿವಿಗೊಟ್ಟು ಕಾದೆ, ಮುಖ ನೋಡಲಿಲ್ಲ. ಅಪ್ಪ ಅವಳ ಅಂಗೈಯನ್ನು ನನ್ನ ಗಂಟಲ ಮೇಲೆ ಇರಿಸಿ, ಮಾತಾಡು ಎಂದು ನನಗೆ ಸನ್ನೆ ಮಾಡಿದರು. 'ಅಮ್ಮ' ಅಂದೆ. ಗಂಟಲು ಅದುರಿದ್ದಕ್ಕೆ ಅವಳು ಕೇಕೆ ಹಾಕಿ ನಕ್ಕಳು. ಮೋಟರ್ ಸರಿಯಾಗಿದೆ, ಕರೆಂಟ್ ಕೊಡೋದೊಂದು ಬಾಕಿ ಎಂದು ಬರೆದ ಅಪ್ಪನ ಮುಖದಲ್ಲಿ ಎಷ್ಟೋ ತಿಂಗಳಿನಿಂದ ಕಾಣದ ಕೆಲಸಗಾರನ ಕಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಭಾನುವಾರ ಬಾ, ಆದರೆ ಅವಳನ್ನು ಒಯ್ಯಲು ಬರಬೇಡ. ಮೂರು ವಾರ ರಜೆ ಹಾಕಿ ಬಾ. ಇಲ್ಲೇ ಇದ್ದು ಮಾತಾಡು, ಹಾಡು, ನಿನ್ನ ಕಾರ್ಖಾನೆಯ ಕಥೆಗಳನ್ನೆಲ್ಲ ಕೊರೆ. ತಪ್ಪು ಯಾರದೂ ಅಲ್ಲ. ಗಂಟಲಿಲ್ಲದ ಮನುಷ್ಯನ ಜೊತೆ ಬೆಳೆದ ಮಗು, ಮಾತೆಂದರೆ ಹೀಗೆಯೇ ಅಂದುಕೊಂಡಿದೆ. ಅಪ್ಪನ ಮೌನ ಕಲಿತಿದ್ದಾಳೆ, ನಿನ್ನ ಗದ್ದಲವನ್ನೂ ಕಲಿಯುತ್ತಾಳೆ. ಅವಳೂ ಹೋದರೆ ಈ ಎರಡು ಕೋಣೆಯಲ್ಲಿ ನಾನು ಏನಾಗುತ್ತೇನೆ ಎಂದು ನನಗೇ ತಿಳಿಯದು.

ಕ್ಷಮಿಸು ಎಂದು ಬರೆದರೆ ಸಾಲದು. ಆದರೂ ಬರೆದಿದ್ದೇನೆ.

ನಿನ್ನ ಕೆಟ್ಟುಹೋದ,
ರೇಡಿಯೋ

ತಾ.ಕ. ಮಂಗಳವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಓದಿಕೋ. ಆದರೆ ಹಾಗೆ ಮಾಡಬೇಡ.

ಡೈರಿಯಲ್ಲಿ ಆ ಹದಿನೇಳನ್ನೂ ಹೊಡೆದುಹಾಕಿ ಇದೊಂದನ್ನು ಬರೆದುಕೋ: ಮಂಗಳವಾರ, ಏಳು ಇಪ್ಪತ್ತು, 'ತಾತ'. ಇದು ನಿಜ. ಅಪ್ಪನ ಕೋಣೆಯ ಹೊಸಿಲಲ್ಲಿ ನಿಂತು ತನ್ನ ಗಂಟಲ ಮೇಲೆ ತಾನೇ ಕೈಯಿಟ್ಟುಕೊಂಡು ಜೋರಾಗಿ ಕೂಗಿದಳು. ಅಪ್ಪ ಆಗಷ್ಟೇ ಕಣ್ಣು ಮುಚ್ಚಿದ್ದರು. ನಾನು ಗೋಡೆಗೊರಗಿದ್ದೆ. ಏನು ಕೇಳಿದೆ ಎಂದು ತಿಳಿಯುವ ಮೊದಲೇ ನನ್ನ ಬೆರಳು ತುಟಿಯ ಮೇಲಿತ್ತು. 'ಶ್' ಅಂದುಬಿಟ್ಟೆ.

ಅವಳು ತಕ್ಷಣ ತನ್ನ ಬೆರಳನ್ನೂ ತುಟಿಗಿಟ್ಟುಕೊಂಡಳು. ಅಳಲಿಲ್ಲ, ಬೆರಗೂ ಆಗಲಿಲ್ಲ. ಎಷ್ಟು ಅಭ್ಯಾಸ! ಹದಿನಾಲ್ಕು ತಿಂಗಳಿನಿಂದ ನಾನು ಅವಳಿಗೆ ದಿನಕ್ಕೆ ಎಷ್ಟು ಸಲ ಹಾಗೆ ಮಾಡಿದ್ದೇನೆಂದು ನಿನಗೆ ಬರೆಯಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ಅವಳು ಕಲಿತದ್ದು ಅಪ್ಪನ ಮೌನವನ್ನಲ್ಲ.

ಅಪ್ಪ ಮಲಗಿರಲಿಲ್ಲ. ಮಂಚದ ಕಬ್ಬಿಣಕ್ಕೆ ಎರಡು ಸಲ ಬಡಿದರು, ಕಫಕ್ಕಲ್ಲ, ಹಳೆಯ ಲಿಫ್ಟಿನ ಎರಡು. ಗುಂಡಿ ಅಲ್ಲೇ ನಿಂತಿದ್ದಳು, ನಾನೇ ಬಾಗಿಲಿನಿಂದ ಹಿಂದೆ ಸರಿದೆ.

ಭಾನುವಾರ ಬಾ, ಅವಳನ್ನು ಕರೆದುಕೊಂಡು ಹೋಗು. ನಾನು ಆಪರೇಷನ್ ಮುಗಿಸಿ ಬರುತ್ತೇನೆ. ಚೀಲ ಕಟ್ಟಿಟ್ಟಿದ್ದೇನೆ. ಅದರಲ್ಲಿ ಅವಳ ಚಮಚ ಇದೆ, ಬಡಿದರೆ ಕಿತ್ತುಕೊಳ್ಳಬೇಡ. ಎಷ್ಟು ಕೂಗಿದರೂ, ನೀನು ಪಾಳಿ ಮುಗಿಸಿ ಬಂದು ಸುಸ್ತಾಗಿದ್ದರೂ, ಸುಮ್ಮನಿರು ಅನ್ನಬೇಡ.