ಅಡ್ಡ ಬಂದ ಕರು

ಕೊತ್ತತ್ತಿ
೧೪-೯-೨೦೨೫, ಭಾನುವಾರ

ಚಿರಂಜೀವಿ ಪುನೀತನಿಗೆ,

ನಿನ್ನ ಅಕ್ಕ ಜಯಶೀಲ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಉಂಡುಟ್ಟು ಸುಖವಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಉಣ್ಣುವುದು ಉಡುವುದು ಹೇಗೋ ನಡೆದಿದೆ. ಸುಖದ ವಿಷಯ ಈ ಕಾಗದ ಓದಿ ಮುಗಿಸಿದ ಮೇಲೆ ನೀನೇ ಹೇಳು.

ಗೌರಿ ಹಬ್ಬ ಕಳೆದು ಇಷ್ಟು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬಾಗಿನ ಬಂದು ಸೇರಿತು. ಸಿಂಧು ಒಬ್ಬಳೇ ಮೊರ ಹಿಡಿದುಕೊಂಡು ಕೊಪ್ಪದಿಂದ ಎರಡು ಬಸ್ಸು ಬದಲಾಯಿಸಿ ಬಂದಳು. ನನ್ನ ತಮ್ಮ ಎಲ್ಲಿ ಕಣಮ್ಮ ಎಂದು ಕೇಳಿದೆ. ಡೈರಿಯಲ್ಲಿ ಮೀಟಿಂಗು ಎಂದಳು, ನನ್ನ ಮುಖ ನೋಡದೆ. ಹಬ್ಬದ ದಿನ ಮೀಟಿಂಗು ಇಡುವ ಡೈರಿ ಯಾವುದಪ್ಪಾ? ಕೇಳಿದರೆ ಹಸುಗಳೂ ನಗುತ್ತವೆ. ತವರಿನ ಬಾಗಿನವನ್ನು ತಮ್ಮ ತಂದುಕೊಟ್ಟರೆ ಅದರ ಗತ್ತೇ ಬೇರೆ. ಆದರೂ ನಿನ್ನ ಹೆಂಡತಿ ತಂದ ಬಳೆ ನನ್ನ ಕೈಗೆ ಸರಿಯಾಗಿ ಕೂತಿವೆ ಎಂದು ಅವಳಿಗೆ ಹೇಳು.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದರೆ "ಆಮೇಲ್ ಮಾಡ್ತೀನಿ ಕಣಕ್ಕ" ಎಂದು ಇಡುತ್ತೀಯ, ಆ ಆಮೇಲೆ ಎನ್ನುವುದು ಬರುವುದೇ ಇಲ್ಲ. ನಿನ್ನ ಜೊತೆ ಫೋನಿನಲ್ಲಿ ಮಾತಾಡುವುದು ನನಗೂ ಆಗದು. ಯಾಕೆಂದು ಕೊನೆಗೆ ಹೇಳುತ್ತೇನೆ. ನೀನು ಹಾಸ್ಟೆಲ್‌ನಲ್ಲಿದ್ದಾಗ ನಾನು ಬರೆದ ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆಯಂತೆ. ಇದನ್ನೂ ಹಾಗೆ ಕೂತು ಓದು.

ಮಗಳು ಚಂದನಳ ಹೊಸ ಕಾಲು ಮೈಸೂರಿನಿಂದ ಬಂದು ತಿಂಗಳ ಮೇಲಾಯಿತು. ಒಳ್ಳೆಯ ಕಾಲು. ಪಾದಕ್ಕೆ ಬೆರಳಿನ ಗುರುತೂ ಇದೆ, ಚಪ್ಪಲಿ ಹಾಕಬಹುದು. ಅಲ್ಲಿನ ಹಜಾರದಲ್ಲಿ ಕಂಬಿ ಹಿಡಿದುಕೊಂಡು ನಡೆದು ತೋರಿಸಿದಳು. ಹಿಂದೆ ನಿಂತಿದ್ದ ನಿಮ್ಮ ಭಾವ ಮುಖ ತಿರುಗಿಸಿಕೊಂಡು ಅತ್ತರು. ಈಗ ಆ ಕಾಲು ಪೆಟ್ಟಿಗೆಯೊಳಗೆ, ಪೆಟ್ಟಿಗೆ ಮಂಚದ ಕೆಳಗೆ. ನಿನ್ನ ಸೊಸೆ ಅದನ್ನು ಮುಟ್ಟುತ್ತಿಲ್ಲ. ಊರುಗೋಲು ಊರಿಕೊಂಡೇ ಸ್ಕೂಲಿಗೆ ಹೋಗುತ್ತಾಳೆ.

ಯಾಕೆ ಎಂದು ಹೇಳಬೇಕಾದರೆ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯಬೇಕು. ಬರೆಯುತ್ತೇನೆ. ನೀನು ಮರೆತಿದ್ದೀಯ ಎಂಬ ಅನುಮಾನ ನನಗೆ.

ಮಳವಳ್ಳಿಯಲ್ಲಿ ನಿನ್ನ ನಿಶ್ಚಿತಾರ್ಥ ಮುಗಿಸಿಕೊಂಡು ನಿನ್ನ ಕಾರಿನಲ್ಲಿ ಮದ್ದೂರಿಗೆ ಹೊರಟವರು ನಾವು ಮೂವರು. ಅವ್ವ ಮತ್ತು ನಿಮ್ಮ ಭಾವ ನೆಂಟರ ವ್ಯಾನಿನಲ್ಲಿ ಹಿಂದೆ ಇದ್ದರು. ಚಂದನ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ಎಡಗಡೆ ಬಾಗಿಲಿಗೆ ಕಾಲು ಚಾಚಿ ಮಲಗಿದ್ದಳು. ನಾಲೆಯ ಹತ್ತಿರ ಕಾರು ಮೋರಿಯ ಕಟ್ಟೆಗೆ ಗುದ್ದಿತು. ಎಡಗಡೆಯ ಬಾಗಿಲು ಒಳಕ್ಕೆ ಬಂತು. ಕರು ಅಡ್ಡ ಬಂತು, ಅದನ್ನು ಉಳಿಸಲು ಹೋಗಿ ಹೀಗಾಯಿತು ಎಂದು ನೀನು ಹೇಳಿದೆ. ನಾನೂ ಹಾಗೇ ಹೇಳಿದೆ, ಪೊಲೀಸರಿಗೂ ಹಾಗೇ ಬರೆಸಿದೆ. ಆಸ್ಪತ್ರೆಯವರಿಗೆ ಮಗುವಿನ ಮೊಣಕಾಲಿನ ಕೆಳಗೆ ಏನನ್ನೂ ಉಳಿಸಲಾಗಲಿಲ್ಲ.

ಆಮೇಲೆ ವಕೀಲ ಶಶಿಧರ್ ಆಫೀಸಿಗೆ ಹೋದೆವಲ್ಲ, ನೀನು, ನಾನು, ನಿಮ್ಮ ಭಾವ. ಅವರು ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕರ ಅಡ್ಡ ಬಂತು ಅಂದ್ರೆ ಅದು ಯಾರ ತಪ್ಪೂ ಅಲ್ಲ ಕಣಮ್ಮ. ಯಾರ ತಪ್ಪೂ ಇಲ್ಲ ಅಂದ್ಮೇಲೆ ಇನ್ಶೂರೆನ್ಸ್ ಕಂಪ್ನಿ ಯಾಕ್ ಕೊಟ್ಟಾತು?" ಎಂದರು. ಪರಿಹಾರ ಬೇಕಾದರೆ ಗಾಡಿ ಓಡಿಸಿದವನ ಅಜಾಗರೂಕತೆ ತೋರಿಸಬೇಕು, ಮಗುವಿನ ಪರವಾಗಿ ತಾಯಿಯೇ ಸಾಕ್ಷಿ ಹೇಳಬೇಕು, ತಮ್ಮನ ಮೇಲೆ ಕೇಸು ಬರೀ ಹೆಸರಿಗೆ, ಅವನ ಕೈಯಿಂದ ಬಿಡಿಗಾಸೂ ಹೋಗುವುದಿಲ್ಲ ಎಂದರು.

ಮೊದಲು ಬಾಯಿ ಬಿಟ್ಟವನು ನೀನು.

"ಪೋನಲ್ಲಿ ಮಾತಾಡ್ಕಂಡು ಓಡುಸ್ತಿದ್ದ ಅಂತ ಯೋಳ್ಬುಡಕ್ಕ. ಎಸರಿಗೆ ತಾನೆ?"

ಆಗ ನಿನ್ನ ಮುಖ ನೋಡಿದೆ. ನೀನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಆಮೇಲೆ ನೀನು ಮ್ಯಾಜಿಸ್ಟ್ರೇಟರ ಮುಂದೆಯೂ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದೆ, ಅದೂ ಹೆಸರಿಗೆ ಎಂದೆ.

ಮದ್ದೂರು ಕೋರ್ಟಿನಲ್ಲಿ ನನ್ನನ್ನು ಸಾಕ್ಷಿ ಕಟಕಟೆ ಹತ್ತಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಶಶಿಧರ್ ಕೇಳಿದ್ದಕ್ಕೆ ಹೇಗೋ ಹೇಳಿದೆ. ಆಮೇಲೆ ಕಂಪನಿಯ ವಕೀಲ ಎದ್ದ. ಮಾತು ಮೆತ್ತಗೆ, ಚುಚ್ಚುವುದು ಮಾತ್ರ ಎಲುಬಿಗೆ. ಪೊಲೀಸರ ಮುಂದೆ ಕರು ಎಂದಿರಿ, ಇವತ್ತು ಫೋನು ಎನ್ನುತ್ತೀರಿ, ಎರಡರಲ್ಲಿ ಒಂದು ಸುಳ್ಳಾಗಲೇಬೇಕಲ್ಲ, ಅಕ್ಕ ತಮ್ಮ ಸೇರಿಕೊಂಡು ಕಥೆ ಕಟ್ಟಿದ್ದೀರಿ ಎಂದರೆ ಏನು ಹೇಳುತ್ತೀರಿ ಎಂದ. ನೀನು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದೆ. ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದೆ, ಪದ್ಯ ಒಪ್ಪಿಸಲು ನಿಂತ ಮಗುವಿಗೆ ಮೇಷ್ಟ್ರು ಧೈರ್ಯ ಕೊಡುವ ಹಾಗೆ.

"ಕರನೇ ಸುಳ್ಳು ಸ್ವಾಮಿ" ಎಂದೆ.

ಹಾಗಾದರೆ ಅವನು ಯಾರ ಜೊತೆ ಮಾತಾಡುತ್ತಿದ್ದ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಜಡ್ಜು ಅದನ್ನೂ ಬರೆದುಕೊಳ್ಳಲು ಹೇಳಿದರು.

ಹೊರಗೆ ಬಂದ ಮೇಲೆ ಟೀ ಅಂಗಡಿಯ ಮುಂದೆ ನೀನು ನನ್ನ ಕೈಗೆ ವಡೆ ಇಟ್ಟು ನಕ್ಕೆ. "ಸಕತ್ತಾಗ್ ಯೋಳ್ದೆ ಕಣಕ್ಕ. ಆ ಕಂಪ್ನಿ ಲಾಯರ್ರೇ ನಂಬ್ಬುಟ್ಟ" ಎಂದೆ. ನಿಮ್ಮ ಭಾವನೂ ನಕ್ಕರು. ಮಗುವಿಗೋಸ್ಕರ ಒಂದು ಸುಳ್ಳು ಹೇಳಿದರೆ ದೇವರೇನೂ ಮುನಿಯುವುದಿಲ್ಲ ಎಂದು ನನಗೆ ಸಮಾಧಾನ ಹೇಳಿದರು. ಆ ವಡೆಯನ್ನು ಹಾಗೇ ಅಂಗಡಿಯ ಹಲಗೆಯ ಮೇಲಿಟ್ಟೆ.

ತೀರ್ಪು ನಮ್ಮ ಕಡೆಗೇ ಆಯಿತು. ಆ ಹಣದಲ್ಲೇ ಕಾಲು ಬಂತು. ಪಕ್ಕದ ಮನೆಯ ದೇವಿರಮ್ಮಜ್ಜಿ ಕಾಲು ನೋಡಲು ಬಂದು, ಮಗುವಿನ ಗಲ್ಲ ಹಿಡಿದು, "ಒಡುಟ್ಟಿದ ತಮ್ಮನ ಮ್ಯಾಲೇ ಸುಳ್ಳು ಯೋಳಿ ನಿಂಗೆ ಕಾಲು ತಂದವ್ಳೆ ಕಣವ್ವ ನಿಮ್ಮವ್ವ" ಎಂದಿತು. ಹೊಗಳಿಯೇ ಹೇಳಿದ್ದು, ಆ ಮುದುಕಿಯ ಮೇಲೆ ಕೋಪವಿಲ್ಲ. ಊರೆಲ್ಲ ಆಡಿಕೊಳ್ಳುತ್ತಿದ್ದದ್ದೂ ಅದನ್ನೇ. ಮಗುವಿನ ಕಿವಿಗೆ ಬಿದ್ದದ್ದು ಆವತ್ತು.

ಅಜ್ಜಿ ಹೋದ ಮೇಲೆ ಚಂದನ ಕೂತಲ್ಲೇ ಪಟ್ಟಿ ಬಿಚ್ಚಿ ಕಾಲನ್ನು ಪೆಟ್ಟಿಗೆಯಲ್ಲಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಮಾಮ ಕರ ಉಳ್ಸಕ್ಕೋಗಿ ಗುದ್ದಿದ್ದು. ಅಂತಾ ಮಾಮನ ಮ್ಯಾಲೆ ಸುಳ್ಳು ಯೋಳ್ಬುಟ್ಯಲ್ಲಮ್ಮ. ನಂಗೀ ಕಾಲು ಬ್ಯಾಡ."

ನಾನು ಸುಳ್ಳು ಹೇಳಿಲ್ಲ ಕಣೇ ಎಂದೆ. ಮತ್ತೆ ಹೇಳಿದೆ. ಅವಳು ನನ್ನನ್ನು ನೋಡಿದ ನೋಟ ಯಾವ ತಾಯಿಗೂ ಬೇಡ. ಕೋರ್ಟಿನಲ್ಲಿ ದೇವರ ಮೇಲೆ ಆಣೆಯಿಟ್ಟು ಸುಳ್ಳು ಹೇಳಿದವಳು ಅಡುಗೆಮನೆಯಲ್ಲಿ ನಿಜ ಹೇಳುತ್ತಾಳೆಯೇ ಎಂದು ಆ ಮಗು ಯೋಚಿಸಿರಬೇಕು. ನಿಮ್ಮ ಭಾವ ಬೈದರು, ಮುದ್ದು ಮಾಡಿದರು, ಹೊಸ ಶೂ ತಂದರು. ಯಾವುದೂ ನಡೆಯಲಿಲ್ಲ. ಈಗೀಗ ನಾನು ತಲೆ ಬಾಚಲು ಕರೆದರೂ ದೇವಿರಮ್ಮಜ್ಜಿಯ ಮನೆಗೆ ಹೋಗಿ ಬಾಚಿಸಿಕೊಂಡು ಬರುತ್ತಾಳೆ.

ಮೈಸೂರಿನ ಡಾಕ್ಟರು ಗದರಿದ್ದಾರೆ. ಬೆಳೆಯುವ ಮಗು, ಹೀಗೇ ಬಿಟ್ಟರೆ ತೊಡೆಯ ಸ್ನಾಯು ಸೋತುಹೋಗುತ್ತದೆ, ಮಂಡಿ ಬಾಗಿದಂತೆಯೇ ನಿಂತುಬಿಡುತ್ತದೆ, ಆಮೇಲೆ ಎಂಥ ಕಾಲು ತಂದರೂ ಕೂರುವುದಿಲ್ಲ ಎಂದರು. ದಸರಾ ರಜೆ ಮುಗಿಯುವುದರೊಳಗೆ ಅಭ್ಯಾಸ ಶುರುವಾಗಲೇಬೇಕಂತೆ.

ಆದ್ದರಿಂದ ಕೇಳುತ್ತಿದ್ದೇನೆ ಪುಟ್ಟಾ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ಇದುವರೆಗೆ ಒಂದನ್ನೂ ಕೇಳಿಲ್ಲ. ರಜೆಯಲ್ಲಿ ಬಾ. ಅವಳ ಎದುರಿಗೆ ಕೂತು, ನಿಮ್ಮಮ್ಮ ಕೋರ್ಟಿನಲ್ಲಿ ಸುಳ್ಳು ಹೇಳಲಿಲ್ಲ ಎಂದು ಒಂದು ಮಾತು ಹೇಳು. ಅವಳು ನಂಬುವುದು ನಿನ್ನೊಬ್ಬನನ್ನೇ. ಆದರೆ ಹೆಸರಿಗೆ ಹೇಳಬೇಡ. ಅವಳು ನಿನ್ನ ಕಣ್ಣು ನೋಡಿ ಹಿಡಿದುಬಿಡುತ್ತಾಳೆ.

ಅವ್ವನಿಗೆ ಮಂಡಿ ನೋವಿಗೆ ಎಣ್ಣೆ ಕಳಿಸುತ್ತೇನೆ, ಬಿಸಿ ಮಾಡಿ ತಿಕ್ಕಲು ಹೇಳು. ಸಿಂಧುವನ್ನು ಚೆನ್ನಾಗಿ ನೋಡಿಕೋ. ಕರೆಯುವ ಹಸುಗಳೂ, ನಿಮ್ಮಿಬ್ಬರ ಮನೆತನವೂ ಹೆಚ್ಚಲಿ. ನಿನ್ನ ಕೈ ಹಿಡಿದ ಗಾಡಿ ಎಲ್ಲಿಗೆ ಹೋದರೂ ಸುಖವಾಗಿ ಮನೆ ಸೇರಲಿ.

ಇತಿ ನಿನ್ನ ಅಕ್ಕ,
ಜಯಶೀಲ

ಮತ್ತೆ: ಸಹಿ ಹಾಕಿದ ಮೇಲೂ ಪೆನ್ನು ಕೆಳಗಿಡಲು ಆಗುತ್ತಿಲ್ಲ. ಆ ರಸ್ತೆಯಲ್ಲಿ ಕರು ಇರಲಿಲ್ಲ ಪುಟ್ಟಾ. ಸಿಂಧು ಫೋನು ಮಾಡಿದ್ದಳು, ನಿಶ್ಚಿತಾರ್ಥದ ಸಂತೋಷದಲ್ಲಿದ್ದಿರಿ. ಮಗು ಮಲಗಿದೆ, ಫೋನು ಇಡು ಎಂದು ನಾನು ಹೇಳಿದೆ. ನೀನು ನನ್ನ ಕಡೆ ತಿರುಗಿ ನಕ್ಕೆ. ಮೋರಿ ಬಂದದ್ದು ಆಗ; ನಿನ್ನ ಜೊತೆ ಫೋನಿನಲ್ಲಿ ಮಾತಾಡಲು ನನಗೆ ಆಗದಿರುವುದು ಅದಕ್ಕೇ. ಜನ ಬಾಗಿಲು ಮೀಟುತ್ತಿರುವಾಗ ನನ್ನ ಕೈ ಹಿಡಿದು, "ಅಕ್ಕ, ಕರ ಅಡ್ಡ ಬಂತು ಅನ್ನು. ಸಿಂಧು ಪೋನು ಅಂತ ಗೊತ್ತಾದ್ರೆ ಅವಳ ಕಾಲ್ಗುಣ ಅಂತಾರೆ, ಮದ್ವೆ ಮುರುದೋಯ್ತದೆ" ಎಂದೆ. ಮಗುವಿನ ರಕ್ತ ಸೀರೆಗೆ ಇಳಿಯುತ್ತಿದ್ದಾಗ ನಾನು ಹೂಂ ಎಂದೆ. ಆ ಹುಡುಗಿಯ ಬಾಳಿಗಾಗಿ ಇವತ್ತು ಕೇಳಿದರೂ ಹೂಂ ಎನ್ನುತ್ತೇನೆ, ಅದಕ್ಕೆ ಸಿಟ್ಟಿಲ್ಲ. ಕೋರ್ಟಿನಲ್ಲಿ ನಾನು ಹೇಳಿದ ಸುಳ್ಳು ಒಂದೇ, ಯಾರ ಜೊತೆ ಮಾತಾಡುತ್ತಿದ್ದ ಎಂದರೆ ಗೊತ್ತಿಲ್ಲ ಎಂದದ್ದು.

ನನ್ನ ಎದೆ ಒಡೆದದ್ದು ಟೀ ಅಂಗಡಿಯ ಮುಂದೆ. ಜನರಿದ್ದಾರೆ, ನಟಿಸುತ್ತಿದ್ದಾನೆ ಎಂದುಕೊಂಡು ನಿನ್ನ ಕಣ್ಣು ನೋಡಿದೆ. ನೀನು ನಟಿಸುತ್ತಿರಲಿಲ್ಲ. ಕರು ನಿನಗೆ ನಿಜವಾಗಿಬಿಟ್ಟಿದೆ. ಸಿಂಧುವಿಗೆ ಆಗಿಲ್ಲ. ಬಾಗಿನ ಕೊಟ್ಟ ಮೇಲೆ ಅವಳು ಚಂದನಳ ಪಕ್ಕದಲ್ಲಿ ಕೂತು, ಮಂಚದ ಕೆಳಗಿನ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ಮಳವಳ್ಳಿ ಬಸ್ಸಿನಲ್ಲಿ ಆ ಮೋರಿ ದಾಟುವಾಗಲೆಲ್ಲ ಚಂದನ ಕಿಟಕಿಯಿಂದ ಬಗ್ಗಿ ನೋಡುತ್ತಾಳೆ. ಕಳೆದ ಸಲ ಕೇಳಿದಳು: "ಆ ಕರ ಈಗ ದೊಡ್ಡುದಾಗಿ ಅದೂ ಒಂದು ಕರ ಹಾಕಿರ್ತದೆ, ಅಲ್ವಾಮ್ಮ?"

ನಾನು ಏನು ಹೇಳಲಿ?