ಉಂಡ ಮೇಲೆ ಬರುವ ಎದೆನೋವು

ಮೊಳಕಾಲ್ಮೂರು
೧೨ ಫೆಬ್ರವರಿ ೨೦೨೫

ಮಗಳು ದಿವ್ಯಶ್ರೀಗೆ, ನಿನ್ನವ್ವನ ಆಶೀರ್ವಾದ.

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ಪಕ್ಕದ ಮನೆಯ ಚೌಡೇಶ್ವರಿ ನಿಮ್ಮ ಪರಶುರಾಂಪುರಕ್ಕೆ ಬರುತ್ತಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ನಿಮ್ಮಪ್ಪನನ್ನು ಕೊನೆಗೂ ಚಳ್ಳಕೆರೆಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಿಮ್ಮ ತಾತ ಮಗ್ಗದ ಗುಂಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋದವರು. ಅದೇ ಮಗ್ಗದಲ್ಲಿ ಇವರಿಗೂ ಎದೆ ಉರಿದಾಗ, ತನಗೂ ಅದೇ ಬಂತೆಂದು ತೀರ್ಮಾನಿಸಿಬಿಟ್ಟರು. ತೋರಿಸೋಣವೆಂದರೆ, "ಹಾರ್ಟ್ ಪೇಷಂಟ್ ಮನೆ ಅಂತ ಸುದ್ದಿ ಹಬ್ಬಿದ್ರೆ ಹುಡುಗೀನ ಯಾರು ಮಾಡ್ಕೊಂತಾರೆ? ಮೊದ್ಲು ಮದುವೆ ಆಗ್ಲಿ" ಎಂದು ನನ್ನ ಬಾಯಿ ಮುಚ್ಚಿಸಿದರು. ಮದುವೆಗೆಂದು ನೀನು ಬಿ.ಎಡ್ ಅರ್ಧಕ್ಕೆ ಬಿಟ್ಟೆ. ನಿನ್ನ ಧಾರೆ ಸೀರೆಯನ್ನು ಅವರು ನಡುನಡುವೆ ಎದೆ ಒತ್ತಿಕೊಳ್ಳುತ್ತಲೇ ನೇಯ್ದು ಮುಗಿಸಿದರು.

ಡಾಕ್ಟರು ಇಸಿಜಿ, ಎಕೋ ಎಲ್ಲ ಮಾಡಿಸಿ, ಗಂಟಲಿಗೆ ಕೊಳವೆ ಇಳಿಸಿಯೂ ನೋಡಿದರು. "ಹಾರ್ಟ್ ಚೆನ್ನಾಗೈತೆ. ಉಂಡ ತಕ್ಷಣ ಬಗ್ಗಿ ನೇಯ್ತೀರಿ, ಸೀರೆ ಸುತ್ತೋ ಮಗ್ಗದ ದಿಂಡು ಹೊಟ್ಟೆಗೆ ಒತ್ತುತ್ತೆ, ಒಳಗಿನ ಹುಳಿ ಎದೆಗೆ ಏರ್ತೈತೆ. ಉರಿ ಅಂತ ಮಲಗಿದ್ರೆ ಇನ್ನೂ ಜಾಸ್ತಿ" ಎಂದರು. ಎದೆನೋವು ಯಾವುದರದ್ದೆಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಕೂತದ್ದಕ್ಕೆ ಚೆನ್ನಾಗಿ ಬೈದರು. ಈಗ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಖಾರ ಕಡಿಮೆ, ಉಂಡ ಕೂಡಲೇ ಮಗ್ಗಕ್ಕಿಳಿಯುವಂತಿಲ್ಲ. ಇಷ್ಟಕ್ಕೇ ಉರಿ ಹೋಯಿತು.

ವಾಪಸ್ ಬರುವ ಬಸ್ಸು ತಳಕು ದಾಟಿದ ಮೇಲೆ ನಿಮ್ಮಪ್ಪ, "ಹಾರ್ಟಿಂದಲ್ಲ ಅಂತ ದಿವ್ಯಂಗೆ ಹೇಳಬ್ಯಾಡ ಕಣೇ" ಎಂದರು. ಹೋದ ಸಲ ಬಂದಾಗ ನೀನು ಅಡುಗೆಮನೆಯಲ್ಲಿ, "ಅಪ್ಪ ಇರೋದ್ರೊಳಗೆ ನನ್ನ ಮದುವೆ ನೋಡ್ಲಿ ಅಂತ ಒಪ್ಪಿದ್ದು ಕಣವ್ವ, ಇಲ್ದಿದ್ರೆ ನಾನು ಒಪ್ತಿದ್ನಾ" ಎಂದೆಯಲ್ಲ, ಅದು ಅವರ ಕಿವಿಗೆ ಬಿದ್ದಿದೆ. ನಿನ್ನ ತೋಳಿನ ಬಾಸುಂಡೆಯನ್ನು ನಾನೂ ನೋಡಿದ್ದೇನೆ. ಆದರೂ ವಾಪಸ್ ಬಂದುಬಿಡು ಎನ್ನುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ನನಗೂ ಇಲ್ಲ, ಮುಚ್ಚಿಟ್ಟು ಏನು ಮಾಡಲಿ.

ಹೊತ್ತಿಗೆ ಸರಿಯಾಗಿ ಉಣ್ಣು. ಮನೆದೇವತೆ ಚೌಡಮ್ಮ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಶಶಿರೇಖಾ

ತಾ.ಕ.: ಡಾಕ್ಟರು "ಹಾರ್ಟ್ ಚೆನ್ನಾಗೈತೆ" ಎಂದಾಗ ನಿಮ್ಮಪ್ಪ ನನ್ನ ಮುಖ ನೋಡಿದರು. ಗಂಡ ಉಳಿದನೆಂದು ನಾನು ದೇವರಿಗೆ ಕೈಮುಗಿಯಬೇಕಿತ್ತು. ಕೈ ಏಳಲಿಲ್ಲ ಮಗಳೇ.