ಸೀನಲು ಕಲಿತ ಕಬ್ಬಿಣದ ಕೈ

ಪುಟ್ಟೀ,

ಬಣ್ಣ ಹೊಡೆಯೋಕೆ ಯಂತ್ರ ಬಂತಲ್ಲ, ಪೇಂಟಿಂಗ್ ತರಬೇತಿ ಬಿಟ್ಟುಬಿಡ್ತೀನಿ ಅಂದೆಯಲ್ಲ, ಕಂಪನಿಯವರು ನನ್ನನ್ನು ಈ ಊರಿಗೆ ಕಳಿಸಿದ್ದು ಆ ಯಂತ್ರ ಕಲಿಯೋಕೇ ಕಣೇ. ಕಾರಿನ ಬಾಗಿಲಿಗೆ ಬಣ್ಣ ಹೊಡೆಯುವ ಕಬ್ಬಿಣದ ಕೈ ಅದು. ನಿನಗೆ ಅಕ್ಷರ ತಿದ್ದಿಸಿದ ಹಾಗೆ ಹಿಡಿದು ಒಂದು ಸಲ ಆಡಿಸಿದರೆ ಸಾಕು, ಹಾಗೇ ಮಾಡುತ್ತದೆ. ಆಡಿಸುವಾಗ ನಾನು ಸೀನಿಬಿಟ್ಟೆ, ಹಿಡಿದ ಕೈ ಅಲುಗಿತು. ಆಮೇಲೆ ಪ್ರತಿ ಬಾಗಿಲಿಗೂ ಅದು ಅಲ್ಲೇ ಬೆಚ್ಚಿಬೀಳುತ್ತಿತ್ತು!

“ಅಂಕಲ್, ಅದಕ್ಕೂ ನೆಗಡಿ ಅಂಟಿಸಿಬಿಟ್ರಲ್ಲಾ!” ಅಂತ ಹೇಳಿಕೊಡುವ ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟು ತಿದ್ದಿಸಿದಳು. ನಿನ್ನದೇ ವಯಸ್ಸು, ಅವಳೂ ಮೊದಲು ಕೈಯಲ್ಲೇ ಬಣ್ಣ ಹೊಡೆದು ಕಲಿತವಳು.

ತರಬೇತಿ ಬಿಡಬೇಡ ಕಂದಾ, ಕಬ್ಬಿಣದ ಕೈಗೂ ಹಿಡಿದು ತಿದ್ದಿಸುವವರು ಬೇಕು. ನನ್ನ ನೆಗಡಿ ವಾಸಿಯಾಯಿತು ಅಂತ ಅಮ್ಮನಿಗೆ ಹೇಳು. ಯಂತ್ರದ್ದೂ ವಾಸಿ. ಕಾರ್ಡು ತುಂಬಿತು.

ಅಪ್ಪ